ಅತ್ತೆ ತೋರಿಸಿದ ಪುಯೆಬ್ಲಾ

ನಮ್ಮ ಮನೆಗೆ ಬಂದವರು ಕಾಫಿ ಕುಡಿದು, ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಇಣುಕಿದರೆ ಒಲೆಯ ಪಕ್ಕದ ಮೊಳೆಗೆ ತೂಗುಹಾಕಿರುವ ಮರದ ಕಡಗೋಲು ಕಣ್ಣಿಗೆ ಬೀಳದೆ ಇರುವುದಿಲ್ಲ. "ಓ, ಉಡುಪಿಯದ್ದಾ?" ಎಂದು ಕೇಳುತ್ತಾರೆ. ಸಿಂಗಪುರದ ಫ್ಲ್ಯಾಟಿನಲ್ಲಿ ಕಡಗೋಲು ಕಂಡರೆ ಕನ್ನಡದವರಿಗೆ ಉಡುಪಿಯ ಕೃಷ್ಣನೇ ನೆನಪಾಗಬೇಕು. ಅದರಲ್ಲೂ ನನ್ನ ಗಂಡನ ಊರು ಕಾಪು ಎಂದು ಗೊತ್ತಿದ್ದವರಿಗೆ ಬೇರೆ ಯೋಚನೆ ಹೊಳೆಯುವುದೇ ಇಲ್ಲ. ಆದರೆ ಹತ್ತಿರ ಹೋಗಿ ನೋಡಿದರೆ ಅದರ ಕತ್ತಿಗೆ ಬಳೆಗಳಿವೆ. ಅದೇ ಮರದ ತುಂಡಿನಲ್ಲಿ ಕೆತ್ತಿದ, ಆದರೆ ಸಡಿಲವಾಗಿ ತಿರುಗುವ ಬಳೆಗಳು. ಮಜ್ಜಿಗೆ ಕಡೆಯುವ ಕೋಲಿಗೆ ಬಳೆಯ ಶೃಂಗಾರ ಯಾಕೆ? ಅದು ಮಜ್ಜಿಗೆಯದ್ದಲ್ಲ. ಬಿಸಿ ಚಾಕಲೇಟನ್ನು ನೊರೆಯೇಳುವಂತೆ ಕಡೆಯುವ ಕೋಲು. ಮೆಕ್ಸಿಕೋ ದೇಶದ ಪುಯೆಬ್ಲಾ ಎಂಬ ಹಳೆಯ ಪಟ್ಟಣದಿಂದ ಬಂದದ್ದು, ಆ ಊರಿನವಳೊಬ್ಬಳು ಕೊಟ್ಟದ್ದು.

"ನೀವು ಮೆಕ್ಸಿಕೋಗೆ ಹೋಗಿದ್ರಾ?" ಎಂಬುದು ಮುಂದಿನ ಪ್ರಶ್ನೆ. ಇಲ್ಲ, ಹೋಗಿಲ್ಲ. ಆದರೂ ಆ ಊರಿನ ಬಗ್ಗೆ ಕೇಳಿದರೆ ಎದುರಿನವರು ಆಕಳಿಸುವವರೆಗೆ ಮಾತಾಡಬಲ್ಲೆ. ನನ್ನ ಅತ್ತೆಯಂತೂ ಒಂದು ಸಂಜೆ ಕ್ಲೆಮೆಂಟಿಯ ನಮ್ಮ ಬ್ಲಾಕಿನ ಕೆಳಗೆ ಜನ ಸೇರಿಸಿ ಇಡೀ ಊರನ್ನೇ ಸುತ್ತಿಸಿ ತೋರಿಸಿದ್ದರು. ಅವರೂ ಹೋದವರಲ್ಲ.

ಊರು ತೋರಿಸುವ ವಿಷಯ ಬಂದಾಗ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಯಾಕೆಂದರೆ ನಾನು ಮೈಸೂರಿನವಳು. ಪ್ರವಾಸಿಗರ ಊರಿನಲ್ಲಿ ಹುಟ್ಟುವುದೆಂದರೆ ಸಂಬಳವಿಲ್ಲದ ಗೈಡ್ ಆಗಿ ಹುಟ್ಟುವುದು. ದಸರಾ ರಜೆ ಬಂತೆಂದರೆ ಹಾಸನದಿಂದ, ತುಮಕೂರಿನಿಂದ, ಯಾವ ಕಡೆಯ ಸಂಬಂಧವೆಂದು ಅಮ್ಮನಿಗೂ ಸರಿಯಾಗಿ ಗೊತ್ತಿಲ್ಲದ ನೆಂಟರು ಬಂದಿಳಿಯುತ್ತಿದ್ದರು. ಅಪ್ಪ ಬಾಗಿಲಲ್ಲೇ "ನಮ್ಮ ಸುಮನಾ ಎಲ್ಲಾ ತೋರಿಸ್ತಾಳೆ" ಎಂದು ಘೋಷಿಸಿ ಆಫೀಸಿಗೆ ಹೊರಟುಬಿಡುತ್ತಿದ್ದರು. ಅರಮನೆ, ಜೂ, ಚಾಮುಂಡಿ ಬೆಟ್ಟ, ಸಂಜೆ ಕೆ.ಆರ್.ಎಸ್.ಗೆ ಬಸ್ಸು. ದೀಪ ಹತ್ತಿದ ಅರಮನೆಯ ಮುಂದೆ ನಿಂತ ಪ್ರತಿಯೊಬ್ಬ ನೆಂಟನೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಬಲ್ಬು ಇರಬೌದಮ್ಮ?" ನಾನು ಆ ಹೊತ್ತಿಗೆ ತೋಚಿದ ಸಂಖ್ಯೆ ಹೇಳುತ್ತಿದ್ದೆ. ಅವರು ತೃಪ್ತಿಯಿಂದ ತಲೆದೂಗುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಯ ಪಂಕ್ತಿಯಲ್ಲಿ ಇಬ್ಬರು ಹಿರಿಯರು ಅರಮನೆಯ ಬಲ್ಬುಗಳ ಬಗ್ಗೆ ಏರುದನಿಯಲ್ಲಿ ವಾದ ಮಾಡುತ್ತಿದ್ದರು. ಎರಡೂ ಸಂಖ್ಯೆಗಳು ನನ್ನವೇ. ನಾನು ಹೋಳಿಗೆ ಬಿಟ್ಟು ಎದ್ದು ಹೋಗಿದ್ದೆ.

ಇರಲಿ. ಮದುವೆಯಾಗಿ ಸಿಂಗಪುರಕ್ಕೆ ಬಂದೆ. ದಿನಕರ್ ಜುರಾಂಗಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್, ನಾನು ಬ್ಯೂನಾ ವಿಸ್ಟಾದ ಒಂದು ಆಫೀಸಿನಲ್ಲಿ ಫೈಲುಗಳ ನಡುವೆ. ವರ್ಷಕ್ಕೊಮ್ಮೆ ಅತ್ತೆ ಬಂದು ಕೆಲವು ತಿಂಗಳು ಇರುತ್ತಿದ್ದರು. ಅವರು ಮಾವನ ಜೊತೆ ಕಾಪುವಿನ ಬಸ್ ಸ್ಟ್ಯಾಂಡಿನ ಹತ್ತಿರ ಬಹಳ ಕಾಲ ಊಟದ ಹೋಟೆಲು ನಡೆಸಿದವರು. ದಾರಿಯಲ್ಲಿ ಹೋಗುವವನ ನಡಿಗೆ ನೋಡಿಯೇ ಅವನಿಗೆ ಹಸಿವೆಯೋ ಇಲ್ಲವೋ ಹೇಳುತ್ತಿದ್ದರು. ಇಷ್ಟು ಲೋಕಜ್ಞಾನವಿದ್ದರೂ ಸಿಂಗಪುರ ನೋಡುವ ಆಸೆ ಅವರಿಗೆ ಒಂದಿಷ್ಟೂ ಇರಲಿಲ್ಲ. ಬರ್ಡ್ ಪಾರ್ಕಿಗೆ ಕರೆದರೆ "ಹಕ್ಕಿ ನೋಡ್ಲಿಕ್ಕೆ ಟಿಕೇಟಾ? ಎಂತ ಮಾರಾಯ್ತಿ" ಎಂದು ಕಾಲು ಚಾಚಿ ಕೂರುತ್ತಿದ್ದರು.

ಅಂಥವರು ಮೆಕ್ಸಿಕೋ ಸುತ್ತಿದ್ದಕ್ಕೆ ಮೂಲ ಕಾರಣ ಮೆಣಸಿನಕಾಯಿಯ ಘಾಟು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಬ್ಲಾಕಿಗೆ ಬ್ಲಾಕೇ ಸೀನತೊಡಗಿತು. ಕಾರಿಡಾರಿನ ಆ ತುದಿಯಿಂದ ಈ ತುದಿಯವರೆಗೆ ಬಾಗಿಲುಗಳು ಧಡಧಡ ಮುಚ್ಚಿಕೊಂಡವು. ಸ್ವಲ್ಪ ಹೊತ್ತಿಗೆ ಲಿಮ್ ಅಂಕಲ್ ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅವರು ಬ್ಲಾಕಿನ ರೆಸಿಡೆಂಟ್ಸ್ ಕಮಿಟಿಯ ಅಧ್ಯಕ್ಷರು, ನಿವೃತ್ತ ಮೇಷ್ಟ್ರು, ಬಹಳ ಸಭ್ಯ ಮನುಷ್ಯ. ಬ್ಲಾಕಿನಲ್ಲಿ ಮಸಾಲೆಯ ವಾಸನೆ ಎದ್ದರೆ ಅದು ನಮ್ಮದೇ ಎಂದು ನಂಬಲು ಅವರಿಗೆ ಸಾಕಷ್ಟು ಪೂರ್ವಾನುಭವವಿತ್ತು.

"ಆಂಟಿ, ಸಾರಿ ಆ. ಎವರಿಬಡಿ ಕಾಫಿಂಗ್ ಲಾ" ಎಂದರು, ಅತ್ತೆಯ ಕಡೆ ನೋಡಿ ಕೆಮ್ಮುತ್ತ.

ಅತ್ತೆಗೆ ಕೇಳಿಸಿದ್ದು ಕಾಫಿ ಎಂಬುದಷ್ಟೇ. "ಕಾಫಿ ಕೊಡು ಪಾಪ, ಗಂಟಲು ಕಟ್ಟಿದೆ ಅವರಿಗೆ" ಎಂದರು. ಲಿಮ್ ಅಂಕಲ್ ಕಾಫಿ ಕುಡಿದರು. ಕುಡಿದ ಮೇಲೆ ದೂರನ್ನು ಮುಂದುವರಿಸುವುದು ಅವರಿಗೆ ಸರಿಕಾಣಲಿಲ್ಲ. ಅವರು ಹೋದ ನಂತರ ನಾನು ವಿಷಯ ವಿವರಿಸಿದಾಗ ಅತ್ತೆ ಕೆರಳಿದರು. ಅವತ್ತು ನಮ್ಮ ಮನೆಯಲ್ಲಿ ಇಡ್ಲಿ. ಯಾರೋ ಮೆಣಸು ಹುರಿದ ಅಪವಾದ ತಮ್ಮ ಮೇಲೆ ಬಂದದ್ದಕ್ಕಿಂತ, ಅದನ್ನು ಹೀಗೆ ಸೀದುಹೋಗುವಂತೆ ಹುರಿದವಳು ತಾವೆಂದು ಜನ ತಿಳಿದರಲ್ಲ ಎಂಬುದು ಅವರ ಸಂಕಟ. ಸೆರಗನ್ನು ಮೂಗಿಗೆ ಒತ್ತಿಕೊಂಡು ಘಾಟು ಬಂದ ದಿಕ್ಕಿಗೆ ಮೆಟ್ಟಿಲಿಳಿದರು. ನಾನು ಹಿಂದೆ ಓಡಿದೆ.

ಕೆಳಗಿನ ಮಹಡಿಯಲ್ಲಿ, ನಮ್ಮ ಮನೆಯ ಸರಿಯಾಗಿ ಅಡಿಯ ಫ್ಲ್ಯಾಟಿನಲ್ಲಿ, ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು ಒಬ್ಬ ಹೆಂಗಸು ಅಳುತ್ತ ಬಾಣಲೆ ಕೆದಕುತ್ತಿದ್ದಳು. ಮೂವತ್ತೈದರ ಆಸುಪಾಸು, ಗೋಧಿ ಬಣ್ಣ, ಉದ್ದ ಜಡೆ. ಬಾಣಲೆಯಲ್ಲಿ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ ಕಪ್ಪು ಮೆಣಸಿನಕಾಯಿ. ಅತ್ತೆ ಒಳಗೆ ಹೋಗಿ ಅವಳ ಕೈಯಿಂದ ಸೌಟು ತೆಗೆದುಕೊಂಡರು, ಉರಿ ತಗ್ಗಿಸಿದರು, ಚಿಟಿಕೆ ಉಪ್ಪು, ನಾಲ್ಕು ಹನಿ ಎಣ್ಣೆ ಹಾಕಿದರು. "ಹೀಗೆ" ಎಂದರು. ಆ ಹೆಂಗಸು ಕಣ್ಣೊರೆಸಿಕೊಂಡು ನಕ್ಕಳು. ನಾನು ಹೆಸರು ಕೇಳಿದೆ.

"ರೊಸಾರಿಯೊ."

ಅತ್ತೆಯ ಮುಖ ಅರಳಿತು. ಕರಾವಳಿಯವರಿಗೆ ರೊಸಾರಿಯೊ ಎಂದರೆ ಮಂಗಳೂರಿನ ಕ್ರಿಶ್ಚಿಯನ್ನರ ಮನೆ ಹೆಸರು. "ಆಗಲೇ ಅಂದುಕೊಂಡೆ, ನಮ್ಮ ಕಡೆಯ ಮುಖ. ಮಂಗಳೂರಲ್ಲಿ ಎಲ್ಲಿ ಬಾಯಿ ನಿಮ್ಮದು?" ಎಂದು ತುಳುವಿನಲ್ಲಿ ಶುರು ಮಾಡಿಯೇಬಿಟ್ಟರು. ನಮ್ಮಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ರೂಢಿ. ರೊಸಾರಿಯೊ ಸ್ಪ್ಯಾನಿಷಿನಲ್ಲಿ ಏನೋ ಉತ್ತರಿಸಿದಳು. ಅತ್ತೆ ಅದನ್ನು ಕೊಂಕಣಿ ಎಂದುಕೊಂಡರು. ಇವಳು ಮೆಕ್ಸಿಕೋದವಳು, ಭೂಮಿಯ ಆ ಕಡೆಯ ದೇಶದವಳು, ಗಂಡ ಹಡಗು ರಿಪೇರಿ ಕಂಪನಿಯ ಎಂಜಿನಿಯರು ಎಂದು ನಾನು ಹೇಳಿದ್ದನ್ನು ಅತ್ತೆ ಪೂರ್ತಿ ಒಪ್ಪಲೇ ಇಲ್ಲ. "ಮೇಜಿಗೆ ಮೇಸ ಅಂತಾಳೆ, ಪಾದ್ರಿಗೆ ಪಾದ್ರೆ ಅಂತಾಳೆ, ಅಂಗಿಗೆ ಕಮೀಸ ಅಂತಾಳೆ. ನೀನೇ ಪರದೇಶದವಳ ಹಾಗೆ ಮಾತಾಡ್ತಿ" ಎಂದರು. ಮದುವೆಯಾಗಿ ಅಷ್ಟು ವರ್ಷವಾದರೂ ನನ್ನ ತುಳು "ಊಟ ಆಯ್ತಾ" ದಾಟಿ ಮುಂದೆ ಹೋಗಿರಲಿಲ್ಲ.

ಹೀಗೆ ಸ್ನೇಹ ಬೆಳೆಯಿತು. ನಾನು, ದಿನಕರ್ ಬೆಳಿಗ್ಗೆ ಹೊರಟ ಮೇಲೆ ಅತ್ತೆ ಕೆಳಗಿಳಿಯುತ್ತಿದ್ದರು. ರೊಸಾರಿಯೊಗೆ ನನ್ನ ಜೊತೆ ಮಾತಾಡುವಷ್ಟು ಇಂಗ್ಲಿಷ್ ಬರುತ್ತಿತ್ತು, ಅತ್ತೆಗೆ ಇಂಗ್ಲಿಷ್ ಬೇಕಾಗಿರಲಿಲ್ಲ. ಅವಳ ಊರಿನ ಹೆಸರುವಾಸಿ ಅಡುಗೆ ಮೋಲೆ ಎಂಬುದೊಂದು ಗೊಜ್ಜು. ಮೂರ್ನಾಲ್ಕು ಜಾತಿಯ ಮೆಣಸು, ಎಳ್ಳು, ಕಡಲೆಕಾಯಿ, ಚಕ್ಕೆ, ಲವಂಗ ಹುರಿದು ನುಣ್ಣಗೆ ಅರೆದು, ಕೊನೆಗೆ ಚಾಕಲೇಟು ಹಾಕಿ ಕೋಳಿಯ ಮೇಲೆ ಸುರಿಯುವುದು. ಕೋಳಿಗೆ ಚಾಕಲೇಟು ಹಾಕಿದ್ದನ್ನು ಕಣ್ಣಾರೆ ಕಂಡ ದಿನ ಅತ್ತೆ ಊಟ ಬಿಟ್ಟರು. ಮರುದಿನ ಬೆರಳಲ್ಲಿ ಅದ್ದಿ ನೆಕ್ಕಿದರು. ಮೂರನೆಯ ದಿನ ಕಾಪುವಿನಿಂದ ತಂದಿದ್ದ ಕೋರಿ ರೊಟ್ಟಿ, ಅದೇ ಆ ಗರಿಗರಿ ಅಕ್ಕಿ ರೊಟ್ಟಿ, ಕಟ್ಟು ಬಿಚ್ಚಿ ಅದರ ಮೇಲೆ ಮೋಲೆ ಸುರಿದು ತಿಂದು, ರೊಸಾರಿಯೊಗೂ ತಿನ್ನಿಸಿದರು. ಅವಳು ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಅಗಿದಳಂತೆ.

ರೊಸಾರಿಯೊಗೆ ಊರಿನ ನೆನಪು ಬಹಳ. ಸಿಂಗಪುರಕ್ಕೆ ಬಂದ ಮೊದಲ ವಾರ ಎಂ.ಆರ್.ಟಿ.ಯಲ್ಲಿ ಹೋಗುವಾಗ "ಬ್ಯೂನಾ ವಿಸ್ಟಾ" ಎಂದು ಧ್ವನಿವರ್ಧಕದಲ್ಲಿ ಕೂಗಿದ್ದನ್ನು ಕೇಳಿ, ಯಾರೋ ತನ್ನ ಭಾಷೆಯಲ್ಲಿ ಕರೆದಂತಾಗಿ ಇಳಿದುಬಿಟ್ಟಿದ್ದಳಂತೆ. ಅವಳ ಭಾಷೆಯಲ್ಲಿ ಅದಕ್ಕೆ ಚೆಂದದ ನೋಟ ಎಂದರ್ಥ. "ತುಂಬಾ ಹುಡುಕಿದೆ. ಒಂದು ಕಾರ್ ಪಾರ್ಕ್ ಇತ್ತು" ಎಂದಳು ನನಗೆ. ನಾನು ದಿನಾ ಕೆಲಸಕ್ಕೆ ಹೋಗುವುದು ಅಲ್ಲಿಗೇ.

ಅವಳ ಹತ್ತಿರ ಊರಿನ ಪೋಸ್ಟ್‌ಕಾರ್ಡುಗಳ ಒಂದು ಕಟ್ಟಿತ್ತು. ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ನೆಲದ ಮೇಲೆ ಕೂತು ಅವನ್ನು ಹರಡಿಕೊಳ್ಳುತ್ತಿದ್ದರು. ಅವಳು ಕೈಬಾಯಿ ಸನ್ನೆಯಲ್ಲಿ ಹೇಳಿದ್ದನ್ನು ಅತ್ತೆ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡು ರಾತ್ರಿ ಊಟಕ್ಕೆ ಕೂತಾಗ ನಮಗೆ ವರದಿ ಒಪ್ಪಿಸುತ್ತಿದ್ದರು.

"ಇವತ್ತು ದೊಡ್ಡ ಇಗರ್ಜಿಗೆ ಹೋಗಿದ್ದೆ" ಎನ್ನುವರು. ಕರಾವಳಿಯಲ್ಲಿ ಚರ್ಚಿಗೆ ಇಗರ್ಜಿ ಎನ್ನುತ್ತಾರೆ.

"ಎಲ್ಲಿಗಮ್ಮ?" ದಿನಕರ್ ಗಾಬರಿಯಿಂದ ತಲೆಯೆತ್ತುವರು.

"ಪುಬ್ಲಕ್ಕೆ. ಬೇಲಿ ಕಂಬಕ್ಕೆಲ್ಲ ರೆಕ್ಕೆಯ ಮಕ್ಕಳನ್ನು ನಿಲ್ಲಿಸಿದ್ದಾರೆ. ನಿಮ್ಮ ಸಿಂಗಪುರದಲ್ಲಿ ಎಂತ ಉಂಟು, ಬರೀ ಲಿಫ್ಟು."

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಎರಡು ಚಿತ್ರ. ಒಂದು, ಬಣ್ಣದ ಹೆಂಚಿನ ಬಿಲ್ಲೆಗಳ, ಅಂದರೆ ಟೈಲ್ಸುಗಳ, ಅಲಂಕಾರವಿದ್ದ ಒಂದು ಸಮಾಧಿ. ನೂರಾರು ವರ್ಷಗಳ ಹಿಂದೆ ನಮ್ಮ ದೇಶದಿಂದ ಒಬ್ಬ ಹುಡುಗಿಯನ್ನು ಕಡಲುಗಳ್ಳರು ಹೊತ್ತೊಯ್ದು, ಕೊಚ್ಚಿಯ ಮೇಲೆ ಸಾಗಿಸಿ, ಕೊನೆಗೆ ಪುಯೆಬ್ಲಾದಲ್ಲಿ ಮಾರಿದರೆಂದು ಅಲ್ಲಿಯ ಜನ ನಂಬುತ್ತಾರೆ. ಆ ಊರು ಅವಳನ್ನು ಸಂತಳಂತೆ ಕಂಡಿತು, ಅಲ್ಲಿಯ ಹೆಂಗಸರ ಹಬ್ಬದ ಉಡುಗೆಗೂ ಅವಳದೇ ಹೆಸರಿದೆ. ಈ ಕಥೆಯನ್ನು ಅತ್ತೆಗೆ ಬಿಡಿಸಿ ಹೇಳಿದವಳು ನಾನೇ. ಅವರು, "ಕೊಚ್ಚಿಗೆ ಬಂದವರು ಕಾಪುವಿಗೆ ಬರ್ಲಿಕ್ಕಿಲ್ಲವಾ? ದಾರಿಯಲ್ಲೇ ಉಂಟಲ್ಲ" ಎಂದರು. ಅಂದಿನಿಂದ ಆ ಹುಡುಗಿ ಕಾಪುವಿನವಳು.

ಇನ್ನೊಂದು, ಊರಿನಾಚೆ ನಿಂತ ಹಿಮದ ಟೊಪ್ಪಿಯ ಬೆಂಕಿ ಬೆಟ್ಟ. ಪೊಪೊಕಾಟೆಪೆಟ್ಲ್ ಎಂಬ ಅದರ ಹೆಸರನ್ನು ಹೇಳಲು ನನಗೆ ಒಂದು ವಾರ ಹಿಡಿಯಿತು. ಬುಡದ ಹಳ್ಳಿಗಳವರು ಅದನ್ನು ಬೆಟ್ಟವೆನ್ನುವುದಿಲ್ಲ, ಯಜಮಾನ ಎನ್ನುತ್ತಾರೆ, ವರ್ಷಕ್ಕೊಮ್ಮೆ ಹತ್ತಿ ಹೋಗಿ ಅಂಗಿ, ಟೊಪ್ಪಿ, ಊಟ ಒಪ್ಪಿಸಿ ಬರುತ್ತಾರೆ ಎಂದಳು ರೊಸಾರಿಯೊ. ನಾನು ಇದನ್ನು ಬಹಳ ವಿಚಿತ್ರವೆಂಬಂತೆ ಅನುವಾದಿಸಿದೆ. ಅತ್ತೆಗೆ ವಿಚಿತ್ರ ಕಾಣಲಿಲ್ಲ. "ದೈವ ಅದು. ಕೊಡುವುದು ಕೊಡಬೇಕು, ಮತ್ತೆಂತ" ಎಂದರು. ರೊಸಾರಿಯೊಳ ತಾಯಿ ಇದ್ದದ್ದು ಅಂಥದೇ ಒಂದು ಹಳ್ಳಿಯಲ್ಲಿ. ಗಂಡ ತೀರಿದ ಮೇಲೆ ಪಟ್ಟಣದ ಮನೆಯನ್ನು ಮಗನಿಗೆ ಬಿಟ್ಟು, ತವರಿನ ಹಳ್ಳಿಗೆ ಹೋಗಿ ಟರ್ಕಿ ಕೋಳಿ ಸಾಕಿಕೊಂಡಿದ್ದಳು. ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದ ಕಾಲ, ಅಲ್ಲಿ ಫೋನಿರಲಿಲ್ಲ.

ಆ ಡಿಸೆಂಬರಿನಲ್ಲಿ ಲಿಮ್ ಅಂಕಲ್ ಲಿಫ್ಟಿನ ಪಕ್ಕ ಒಂದು ಪೋಸ್ಟರ್ ಅಂಟಿಸಿದರು. ಕ್ರಿಸ್‌ಮಸ್ಸಿನ ಸಮಯದ ಒಂದು ಶನಿವಾರ ಸಂಜೆ, ಬ್ಲಾಕಿನ ಕೆಳಗೆ ಮನೆಗಳಿಲ್ಲದೆ ಖಾಲಿ ಬಿಟ್ಟ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್ಕಿನಲ್ಲಿ, ಪಾಸ್‌ಪೋರ್ಟ್ ಇಲ್ಲದೆ ಲೋಕಸಂಚಾರ. ಬೇರೆ ದೇಶದಿಂದ ಬಂದ ಪ್ರತಿ ಮನೆಗೂ ಒಂದು ಮೇಜು. ಅಲ್ಲಿ ತಮ್ಮ ಊರು ತೋರಿಸಬೇಕು, ಏನಾದರೂ ತಿನ್ನಲು ಕೊಡಬೇಕು. ರೊಸಾರಿಯೊ ಉತ್ಸಾಹದಿಂದ ಹೆಸರು ಕೊಟ್ಟಳು. ಮಾತಾಡುವ ಕೆಲಸ ನನಗೆ ಬಂತು, ಮೈಸೂರಿನ ಅನುಭವ ಇತ್ತಲ್ಲ. ಲೈಬ್ರರಿಯಲ್ಲಿ ಕೂತು ಓದಿ ಒಂದು ಭಾಷಣ ಬರೆದೆ. ಪುಯೆಬ್ಲಾ ಕಟ್ಟಿದ ಕಾಲ, ವಾಸ್ತುಶೈಲಿ, ಪ್ರವಾಸಿಗರು ನೋಡಬೇಕಾದ ಸ್ಥಳಗಳು, ಮಾಡಬೇಕಾದ ಚಟುವಟಿಕೆಗಳು. ಈ ಸಲ ಒಂದು ಸಂಖ್ಯೆಯನ್ನೂ ಕಲ್ಪಿಸಿರಲಿಲ್ಲ. ದಿನಕರ್‌ಗೆ ಓದಿ ಹೇಳಿದೆ, ಅವರು ಅರ್ಧಕ್ಕೇ ಸೋಫಾದಲ್ಲಿ ನಿದ್ದೆಹೋದರು. ಓವರ್‌ಟೈಮಿನ ಆಯಾಸವೆಂದುಕೊಂಡೆ.

ಇನ್ನೇನು ಆ ಸಂಜೆ ಬಂತು ಎನ್ನುವಾಗ ಬೆಟ್ಟ ಎಚ್ಚೆತ್ತಿತು. ಬೆಟ್ಟ ಬೂದಿ ಉಗುಳುತ್ತಿದೆ, ಬುಡದ ಹಳ್ಳಿಗಳನ್ನು ಖಾಲಿ ಮಾಡಿಸುತ್ತಿದ್ದಾರೆ ಎಂದು ಟಿ.ವಿ.ಯಲ್ಲಿ ಒಂದು ತುಣುಕು ಸುದ್ದಿ. ರೊಸಾರಿಯೊ ಅಣ್ಣನ ಮನೆಗೆ ಫೋನ್ ಮಾಡಿದಳು, ಲೈನ್ ಸಿಗಲಿಲ್ಲ. ಒಮ್ಮೆ ಸಿಕ್ಕಿದಾಗ ಅತ್ತಿಗೆ ಎತ್ತಿಕೊಂಡಳು. ಅಣ್ಣ ಜೀಪು ತೆಗೆದುಕೊಂಡು ಹಳ್ಳಿಗೆ ಹೋಗಿದ್ದಾನೆ, ಅಮ್ಮ ಜಾಗ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಿದ್ದಾಳಂತೆ ಎನ್ನುವಷ್ಟರಲ್ಲಿ ಲೈನ್ ಕಡಿಯಿತು. ಆಮೇಲೆ ಏನೂ ಇಲ್ಲ. ಗಂಡ ಕೆಲಸದ ಮೇಲೆ ಬ್ರೂನೈಗೆ ಹೋಗಿದ್ದ. ರೊಸಾರಿಯೊ ಎರಡು ದಿನ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಅತ್ತೆ ಮಾಡಿ ಒಯ್ದ ಗಂಜಿ ತಟ್ಟೆಯಲ್ಲೇ ಆರಿತು.

ಶನಿವಾರ ಬೆಳಿಗ್ಗೆ ನಾನು, "ಲಿಮ್ ಅಂಕಲ್‌ಗೆ ಹೇಳಿ ಮೇಜು ಕ್ಯಾನ್ಸಲ್ ಮಾಡಿಸೋಣ" ಎಂದೆ.

ರೊಸಾರಿಯೊ ತಲೆಯಾಡಿಸಿದಳು. "ಬೇಡ. ಮೋಲೆ ಆಗಲೇ ಅರೆದಾಗಿದೆ. ನೀವು ಮಾಡಿ, ಪ್ಲೀಸ್. ಇವತ್ತು ನನ್ನ ಊರಿನ ಹೆಸರು ಹೇಳಿದರೆ ಜನ ಬರೀ ಹೊಗೆ ನೆನೆಯುವುದು ಬೇಡ."

ಆ ಮಧ್ಯಾಹ್ನ ದಿನಕರ್ ಹೊಸ ಅಂಗಿಗಾಗಿ ಬೀರು ತಡಕಾಡುತ್ತಿದ್ದರು. ಅದು ಸಿಕ್ಕಿದ್ದು ದೇವರ ಮೂಲೆಯಲ್ಲಿ. ಬೆಟ್ಟದ ಪೋಸ್ಟ್‌ಕಾರ್ಡನ್ನು ಕುಂಕುಮದ ಬಟ್ಟಲಿಗೆ ಒರಗಿಸಿ, ಮುಂದೆ ಮಡಿಸಿದ ಅಂಗಿ, ಅದರ ಮೇಲೆ ಅವರದೇ ಕ್ರಿಕೆಟ್ ಟೊಪ್ಪಿ, ಪಕ್ಕದಲ್ಲಿ ಎಲೆಯ ಮೇಲೆ ಒಂದು ಚಮಚ ಮೋಲೆ.

"ಅಮ್ಮ, ಅದು ಇಸ್ತ್ರಿ ಮಾಡಿದ ಅಂಗಿ" ಎಂದರು ದಿನಕರ್.

"ಇಸ್ತ್ರಿ ಮಾಡದ್ದು ಕೊಡ್ಲಿಕ್ಕೆ ಆಗ್ತದಾ?" ಎಂದರು ಅತ್ತೆ. ದಿನಕರ್ ಹಳೆಯ ಟೀ-ಶರ್ಟು ಹಾಕಿಕೊಂಡರು.

ಸಂಜೆ ವಾಯ್ಡ್ ಡೆಕ್ಕಿನಲ್ಲಿ ಜಪಾನಿನ ಮೇಜು, ಫಿಲಿಪೈನ್ಸಿನ ಮೇಜು, ಶ್ರೀಲಂಕಾದ ಮೇಜು. ಒಂದು ಮೂಲೆಯಲ್ಲಿ ಯಾರೋ ಸಾತೆ ಸುಡುತ್ತಿದ್ದರು, ಆ ಕೋಳಿ ಕಡ್ಡಿಗಳ ವಾಸನೆಗೆ ಎಲ್ಲರ ಕಾಲೂ ಅತ್ತಲೇ ಎಳೆಯುತ್ತಿತ್ತು. ನಾನು ರೇಷ್ಮೆ ಸೀರೆ ಉಟ್ಟು ಪುಯೆಬ್ಲಾದ ಮೇಜಿನ ಹಿಂದೆ ನಿಂತು ಇಂಗ್ಲಿಷಿನಲ್ಲಿ ಭಾಷಣ ಓದತೊಡಗಿದೆ. ಮುಂದೆ ಒಂದು ಸಣ್ಣ ಗುಂಪಿತ್ತು. ವಾಸ್ತುಶೈಲಿ ಬರುವಷ್ಟರಲ್ಲಿ ಅರ್ಧ ಕರಗಿತು. ಹೆಂಚಿನ ಬಿಲ್ಲೆಗಳ ಕೈಗಾರಿಕೆ ಬರುವಷ್ಟರಲ್ಲಿ ಲಿಮ್ ಅಂಕಲ್ ಮತ್ತು ಅವರ ಹೆಂಡತಿ ಮಾತ್ರ ಉಳಿದರು. ಅಧ್ಯಕ್ಷರಾದ್ದರಿಂದ ಅವರು ಹೋಗುವ ಹಾಗಿರಲಿಲ್ಲ.

ಅತ್ತೆ ಇದನ್ನು ಮೇಜಿನ ಪಕ್ಕದ ಸ್ಟೂಲಿನಿಂದ ನೋಡುತ್ತಿದ್ದರು. ಗಿರಾಕಿ ಮೆಟ್ಟಿಲವರೆಗೆ ಬಂದು ತಿರುಗಿ ಹೋಗುವುದನ್ನು ಸಹಿಸುವ ಜೀವವಲ್ಲ ಅದು. ಎದ್ದು ಬಂದು ನನ್ನ ಕೈಯ ಕಾಗದ ತೆಗೆದು ಮೇಜಿನ ಕೆಳಗಿಟ್ಟರು.

"ಸುಮ, ಕಾಗದ ಆಮೇಲೆ ಓದುವ. ಮೊದಲು ಬಡಿಸು."

"ಅತ್ತೆ, ಊರಿನ ಬಗ್ಗೆ ಹೇಳ್ದೆ..."

"ಹೊಟ್ಟೆಗೆ ಎಂತದೂ ಹಾಕದ ಊರನ್ನು ಯಾರು ನೋಡ್ತಾರೆ? ಬಡಿಸು."

ಕೋರಿ ರೊಟ್ಟಿಯ ತುಂಡುಗಳ ಮೇಲೆ ಕೋಳಿ, ಅದರ ಮೇಲೆ ಮೋಲೆ. ಅತ್ತೆ ತಟ್ಟೆ ಹಿಡಿದು ಮೇಜಿನ ಮುಂದೆ ನಿಂತು, ಕಾಪು ಬಸ್ ಸ್ಟ್ಯಾಂಡಿನ ದನಿ ತೆಗೆದು, "ಕಮ್, ಕಮ್. ಸಿಟ್" ಎಂದರು. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ. ಹಾದುಹೋಗುವವರ ಕೈಗೆ ತಟ್ಟೆ ತುರುಕಿದರು. ತುರುಕಿಸಿಕೊಂಡವರು ಬಾಯಿಗಿಟ್ಟರು, ಖಾರ ಏರಿತು, ಹಿಂದೆಯೇ ಚಾಕಲೇಟಿನ ಸಿಹಿ ಬಂತು, ಇದೇನೆಂದು ಯೋಚಿಸುತ್ತ ನಿಂತರು. ನಿಂತವರನ್ನು ಅತ್ತೆ ಬಿಡಲಿಲ್ಲ. ಬೋರ್ಡಿಗೆ ಅಂಟಿಸಿದ್ದ ಪೋಸ್ಟ್‌ಕಾರ್ಡುಗಳ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದರು, "ನೀನು ಇಂಗ್ಲಿಷು ಮಾಡು" ಎಂದು ನನಗೆ ಅಪ್ಪಣೆಯಾಯಿತು.

"ಇದು ದೊಡ್ಡ ಇಗರ್ಜಿ. ಗಂಟೆ ಎಷ್ಟು ಭಾರ ಅಂದರೆ ಯಾರಿಗೂ ಮೇಲೆ ಏರಿಸ್ಲಿಕ್ಕೆ ಆಗಲಿಲ್ಲ. ಕಂಟ್ರಾಕ್ಟರು ದುಡ್ಡು ತಿಂದು ಓಡಿ ಹೋದ. ಕಡೆಗೆ ಈ ರೆಕ್ಕೆಯ ಮಕ್ಕಳೇ ರಾತ್ರಿ ಬಂದು ಏರಿಸಿದ್ದು."

ದೇವದೂತರು ಗಂಟೆ ಏರಿಸಿದ ಕಥೆ ಆ ಊರಿನಲ್ಲಿ ನಿಜವಾಗಿಯೂ ಇದೆ. ಕಂಟ್ರಾಕ್ಟರು ಅತ್ತೆಯ ಸೇರ್ಪಡೆ. ನಾನು ಅವನನ್ನು ಬಿಟ್ಟು ಅನುವಾದಿಸಿದೆ.

"ಓಡಿ ಹೋದದ್ದು ಹೇಳಿದಿಯಾ?" ಅತ್ತೆ ಕೇಳಿದರು. ಹೇಳಿದೆ. ಲಿಮ್ ಅಂಕಲ್ ನಕ್ಕರು. "ಸೇಮ್ ಎವರಿವೇರ್ ಲಾ" ಎಂದರು. ಸಾತೆಯ ಕಡೆಯಿಂದ ಇಬ್ಬರು ಇತ್ತ ಬಂದರು.

ಮುಂದೆ ಚಿನ್ನದ ರೇಕು ಹೊದಿಸಿದ ಪ್ರಾರ್ಥನಾ ಮಂದಿರ. ಜಪಮಾಲೆಯ ಮಾತೆಯದು, ಅವಳ ಹೆಸರೂ ರೊಸಾರಿಯೊ. ಅತ್ತೆಯ ಪ್ರಕಾರ ಅದನ್ನು ಕಟ್ಟಿದ್ದು ನಮ್ಮ ಕೆಳಗಿನ ಮನೆಯ ರೊಸಾರಿ ಬಾಯಿಯ ಅಜ್ಜನ ಮನೆಯವರು. ನಾನು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಲಿಮ್ ಅಂಕಲ್‌ರ ಹೆಂಡತಿ, "ರೊಸಾರಿಯೊ, ದಿಸ್ ಬ್ಲಾಕ್ ಒನ್? ವಾ, ಸೋ ರಿಚ್" ಎಂದು ಬೆರಗಾಗಿಬಿಟ್ಟರು. ಹಳೆಯ ಲೈಬ್ರರಿಯ ಚಿತ್ರ ಬಂದಾಗ ಅತ್ತೆ, "ಇಲ್ಲಿ ಪುಸ್ತಕ ಓದ್ಲಿಕ್ಕಿಲ್ಲ, ನೋಡ್ಲಿಕ್ಕೆ ಮಾತ್ರ. ನನ್ನ ಮಗನ ಕಪಾಟಿನ ಹಾಗೆ" ಎಂದರು. ಭಾನುವಾರ ಹಳೆಯ ಸಾಮಾನು ಮಾರುವ, ಕಪ್ಪೆಗಳ ಬೀದಿ ಎಂಬ ಹೆಸರಿನ ಗಲ್ಲಿ ತೋರಿಸಿ ಅಲ್ಲಿ ಚೌಕಾಸಿ ಮಾಡದೆ ಏನೂ ಕೊಳ್ಳಬಾರದೆಂದು ಎಚ್ಚರಿಸಿದರು. ಮಿಠಾಯಿ ಬೀದಿಯಲ್ಲಿ ಗೆಣಸಿನ ಮಿಠಾಯಿ ತಿನ್ನಬೇಕು, ಆದರೆ ಒಂದೇ, ಹೊಟ್ಟೆಗೆ ವಾಯು. ಆ ಗುಡ್ಡ ಕಾಣುತ್ತದಲ್ಲ, ಅದು ಗುಡ್ಡವಲ್ಲ, ಹಳೆಯ ದೇವರ ಗುಡಿ. ಮಣ್ಣು ಮುಚ್ಚಿ ಹುಲ್ಲು ಬೆಳೆದಿತ್ತು, ಗೊತ್ತಿಲ್ಲದವರು ಮೇಲೊಂದು ಇಗರ್ಜಿ ಕಟ್ಟಿದರು. ಈಗ ಇಬ್ಬರೂ ಹೊಂದಿಕೊಂಡು ಇದ್ದಾರೆ. ಇದು ಬಹುಮಟ್ಟಿಗೆ ಸರಿಯಾಗಿತ್ತು. ನನ್ನ ಭಾಷಣದಲ್ಲಿ ಇದೇ ಸಂಗತಿ ಒಂದು ಪುಟದಷ್ಟಿತ್ತು.

ಜನ ಸೇರಿದ್ದರು. ಹಿಂದಿದ್ದವರು ಕಾಣಲೆಂದು ಮುಂದಿನವರು ನೆಲದ ಮೇಲೆ ಕೂತರು. ನಾನು ತಿದ್ದುವುದನ್ನು ಯಾವಾಗ ಬಿಟ್ಟೆನೋ ತಿಳಿಯದು. ಕಂಟ್ರಾಕ್ಟರು ಓಡುವಾಗ ಚಪ್ಪಲಿ ಬಿಟ್ಟು ಹೋದನೆಂದು ಸೇರಿಸಿದವಳು ನಾನೇ ಇರಬೇಕು.

ಕೊನೆಯ ಚಿತ್ರ ಹೆಂಚಿನ ಬಿಲ್ಲೆಯ ಸಮಾಧಿ.

"ಇವಳು ನಮ್ಮ ಊರಿನವಳು" ಎಂದರು ಅತ್ತೆ. ದನಿ ಸ್ವಲ್ಪ ಇಳಿದಿತ್ತು. "ಚಿಪ್ಪು ಹೆಕ್ಕಲಿಕ್ಕೆ ಕಡಲಬದಿಗೆ ಹೋದವಳನ್ನು ಹಡಗಿನವರು ಎತ್ತಿಕೊಂಡು ಹೋದರು. ಆ ಊರಿನವರು ಒಳ್ಳೆಯವರು, ಚೆನ್ನಾಗಿ ನೋಡಿಕೊಂಡರು, ಸತ್ತ ಮೇಲೆ ಪೂಜೆಯೂ ಮಾಡಿದರು. ಆದರೆ ಅವಳ ತಾಯಿಗೆ ಸುದ್ದಿ ಹೋಗಲಿಲ್ಲ. ಅವಳಿಗೂ ತಾಯಿಯ ಸುದ್ದಿ ಬರಲಿಲ್ಲ. ಆಗ ಫೋನು ಎಲ್ಲಿತ್ತು."

ಅಷ್ಟು ಹೇಳಿ ತಲೆಯೆತ್ತಿ ಮೇಲಿನ ಮಹಡಿಗಳ ಕಡೆ ನೋಡಿದರು. ವಾಯ್ಡ್ ಡೆಕ್ಕಿನಿಂದ ಕಿಟಕಿ ಕಾಣುವುದಿಲ್ಲ, ಕಾಂಕ್ರೀಟು ಕಾಣುತ್ತದೆ. ನಾನು ಅನುವಾದಿಸಿದೆ, "ಅವಳ ತಾಯಿಗೆ" ಎಂಬುದನ್ನು ಎರಡು ಸಲ ಹೇಳಬೇಕಾಯಿತು. ಲಿಮ್ ಅಂಕಲ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮೆಲ್ಲಗೆ, "ಆಂಟಿ, ದಿಸ್ ಪ್ಲೇಸ್, ವಿಚ್ ಮಂತ್ ಗುಡ್ ಟು ಗೋ?" ಎಂದು ಕೇಳಿದರು.

ಅತ್ತೆಗೆ ಹೇಳಿದೆ. "ಮೆಣಸು ಒಣಗುವ ತಿಂಗಳು" ಎಂದರು. ಲಿಮ್ ಅಂಕಲ್ ಗಂಭೀರವಾಗಿ ತಲೆಯಾಡಿಸಿದರು.

ಪಾತ್ರೆ ತಳ ಕಾಣುವ ಮೊದಲು ಅತ್ತೆ ಒಂದು ತಟ್ಟೆ ಎತ್ತಿಟ್ಟಿದ್ದರು. ಅದನ್ನು ಮುಚ್ಚಿಕೊಂಡು ನಾವಿಬ್ಬರೂ ಲಿಫ್ಟಿನಲ್ಲಿ ರೊಸಾರಿಯೊಳ ಮನೆಗೆ ಹೋದೆವು. ಅವಳು ಅದೇ ಕುರ್ಚಿಯಲ್ಲಿದ್ದಳು. ಎಷ್ಟು ಜನ ಬಂದರು, ಏನೇನು ಕೇಳಿದರು ಎಂದು ನಾನು ಹೇಳತೊಡಗಿದೆ. ಅವಳಜ್ಜನ ಮನೆಯವರು ಚಿನ್ನದ ಮಂದಿರ ಕಟ್ಟಿಸಿದ ವಿಷಯ ಬಂದಾಗ ತುಟಿಯಂಚಿನಲ್ಲಿ ಸಣ್ಣ ನಗು ಮೂಡಿತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

ಅವಳು ಎತ್ತಿದಳು. "ಬುವೆನೊ" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಕೇಳಿಸಿಕೊಂಡಳು. ನಾನು ಅವಳ ಬೆನ್ನು ನೋಡುತ್ತ ನಿಂತೆ. ಆ ಬೆನ್ನು ಅಲುಗುತ್ತಿತ್ತು, ಅಳುವೋ ನಗುವೋ ತಿಳಿಯಲಿಲ್ಲ. ಕೊನೆಗೆ ತಿರುಗಿ ರಿಸೀವರಿಗೆ ಕೈ ಮುಚ್ಚಿ ಇಂಗ್ಲಿಷಿನಲ್ಲಿ ನನಗೆ ಹೇಳಿದಳು, "ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ. ಟರ್ಕಿಗಳನ್ನು ಬಿಟ್ಟು ಬರುವುದಿಲ್ಲ ಅಂದಳಂತೆ. ಅವನ್ನೂ ಜೀಪಿಗೆ ಹಾಕಿಕೊಂಡು ಬಂದಿದ್ದಾನೆ. ಈಗ ಅತ್ತಿಗೆಯ ಬಾತ್‌ರೂಮಿನಲ್ಲಿ ಟರ್ಕಿಗಳಿವೆ."

ಅತ್ತೆಗೆ ನಾನು ಹೇಳುವ ಅಗತ್ಯ ಬೀಳಲಿಲ್ಲ. ಮುಖ ನೋಡಿಯೇ ತಿಳಿದಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, "ಕೊಡು ಇಲ್ಲಿ" ಎಂದು ರಿಸೀವರ್ ತೆಗೆದುಕೊಂಡರು.

"ಹಲೋ" ಎಂದರು. ಮುಂದೆ ತುಳು. ಆ ಕಡೆಯಿಂದ ಗಡಸು ದನಿಯ ಸ್ಪ್ಯಾನಿಷ್ ನಮಗೂ ಕೇಳಿಸುತ್ತಿತ್ತು. ಅತ್ತೆ ಮಾತಾಡಿದರು, ನಿಲ್ಲಿಸಿ ಕೇಳಿದರು, "ಅಂದ್, ಅಂದ್" ಎಂದು ಹೂಂಗುಟ್ಟಿದರು, ಒಮ್ಮೆ ನಕ್ಕರು, ಒಮ್ಮೆ ಇಲ್ಲವೆಂಬಂತೆ ಜೋರಾಗಿ ತಲೆಯಾಡಿಸಿದರು. ರೊಸಾರಿಯೊ ಗೋಡೆಗೊರಗಿ ನಿಂತು ಇದನ್ನು ನೋಡುತ್ತಿದ್ದಳು. ಅತ್ತೆ ರಿಸೀವರನ್ನು ಅವಳಿಗೆ ವಾಪಸು ಕೊಟ್ಟರು. ಅವಳು ತಾಯಿಯ ಜೊತೆ ಇನ್ನೆರಡು ಮಾತಾಡಿ ಫೋನ್ ಇಟ್ಟಳು.

"ಏನಂದ್ರು ಅತ್ತೆ?" ನಾನು ಕೇಳಿದೆ, ಸ್ವಲ್ಪ ತಮಾಷೆಯಾಗಿಯೇ.

"ಎಂತ ಹೇಳುವುದು ಪಾಪ. ಮಗಳು ಸರಿಯಾಗಿ ಊಟ ಮಾಡ್ತಾಳಾ ಅಂತ ಕೇಳಿದರು. ಎರಡು ದಿನದಿಂದ ಎಂತದೂ ತಿನ್ನಲಿಲ್ಲ ಅಂದೆ. ಬೈದರು."

ನಾನು ಅದನ್ನು ರೊಸಾರಿಯೊಗೆ ಇಂಗ್ಲಿಷಿನಲ್ಲಿ ಹೇಳಿದೆ, ಅವಳು ನಗಲೆಂದು. ಅವಳು ನಗಲಿಲ್ಲ. ಅತ್ತೆಯನ್ನೇ ನೋಡುತ್ತ, "ಅಮ್ಮ ನನಗೂ ಕೊನೆಯಲ್ಲಿ ಅದನ್ನೇ ಹೇಳಿದಳು. ಆ ಸೆನ್ಯೋರಾ ನೀನು ಉಪವಾಸ ಇದ್ದೀಯ ಅಂತಾಳೆ, ಮೊದಲು ತಿನ್ನು ಅಂತ" ಎಂದಳು.

ಅತ್ತೆ ಆಗಲೇ ಮುಚ್ಚಿದ ತಟ್ಟೆ ತೆರೆದು ಮೇಜಿನ ಮೇಲಿಟ್ಟಿದ್ದರು. ರೊಟ್ಟಿ ಮೆತ್ತಗಾಗಿತ್ತು. ರೊಸಾರಿಯೊ ಕುರ್ಚಿಯನ್ನು ಫೋನಿನ ಪಕ್ಕದಿಂದ ಎಳೆದು ತಂದು, ಕೂತು, ಕೈಯಲ್ಲೇ ಊಟ ಮಾಡತೊಡಗಿದಳು.